ಒತ್ತಕ್ಷರಕ್ಕೆ ಜಾಗವಿಲ್ಲದ ಬಲೂನು

ಹಾವನೂರು ಸರ್ಕಲ್ ಕಡೆಯಿಂದ ನಮ್ಮ ಬೀದಿಗೆ ತಿರುಗಿದರೆ ಈಗ ಎಡಕ್ಕೆ ಮೂರು, ಬಲಕ್ಕೆ ನಾಲ್ಕು ಅಪಾರ್ಟ್‌ಮೆಂಟು. ನಡುವೆ ಉಳಿದಿದ್ದ ಒಂಟಿಮನೆಗಳಲ್ಲಿ ಎದುರುಮನೆಯದೂ ಒಂದಾಗಿತ್ತು. ಹೋದ ವರ್ಷ ಅದನ್ನೂ ಬಿಲ್ಡರ್‌ಗೆ ಬರೆದುಕೊಟ್ಟರು. ಖಾಲಿ ಮಾಡುವ ವಾರ ಗೇಟಿನ ಮುಂದೆ ಹಳೇ ಪೇಪರ್‌ನವನು ತಕ್ಕಡಿ ಹಿಡಿದು ಕೂತಿದ್ದ. ಸಜ್ಜೆಯ ಮೇಲಿಂದ ಇಳಿಸಿದ ಟ್ರಂಕಿನಲ್ಲಿ ಕೆಂಪು ಕ್ಯಾಲಿಕೋ ಬೈಂಡಿನ ಐದು ದಪ್ಪ ಪುಸ್ತಕ. ಲೆಕ್ಕದ ಪುಸ್ತಕ ಇರಬೇಕು ಅಂದುಕೊಂಡು ಒಂದನ್ನು ತೆರೆದೆ. ಕಪ್ಪು ಮುಖವಾಡದವನೊಬ್ಬ ಬಿಳಿ ಕುದುರೆ ಏರಿ ನನ್ನ ಮೇಲೇ ನುಗ್ಗಿ ಬರುತ್ತಿದ್ದ. ಬಾಯಿಂದ ಹೊರಟದ್ದು ಅಚ್ಚ ಕನ್ನಡ.

“ಅದ್ಯಾಕ್ರೀ ನಿಮಗೆ? ನಮ್ಮ ದೊಡ್ಡೋನು ಚಿಕ್ಕಂದಿನಲ್ಲಿ ಕೂಡಿಟ್ಟಿದ್ದು. ಮೊಮ್ಮಕ್ಕಳಾದರೂ ಇದ್ದಾರಾ ಅಂದರೆ ಅವರೂ ಇಲ್ಲ” ಅಂದರು ಎದುರುಮನೆ ಅಮ್ಮ.

“ನಾನೇ ಓದ್ತೀನಿ ಬಿಡಿ ಅಮ್ಮ” ಅಂದೆ. ಅವರು ನಕ್ಕರು. ಪೇಪರ್‌ನವನು ಮಾತ್ರ ಐದಾರು ಕೆಜಿ ಕೈತಪ್ಪಿತಲ್ಲ ಅಂತ ಮುಖ ಸಿಂಡರಿಸಿದ.

ಅರವತ್ತೊಂದನೇ ವಯಸ್ಸಿನಲ್ಲಿ ನನಗೆ ಕಾಮಿಕ್ಸ್ ಸಿಕ್ಕಿದ್ದು ಹೀಗೆ. ಅವರ ದೊಡ್ಡ ಮಗನಿಗೂ ನನಗೂ ಹೆಚ್ಚುಕಡಿಮೆ ಒಂದೇ ವಯಸ್ಸು. ಆದರೆ ನಾನು ಬೆಳೆದದ್ದು ಹಳ್ಳಿಯಲ್ಲಿ, ಅಪ್ಪ ಶಾಲೆಯ ಹೆಡ್‌ಮೇಷ್ಟ್ರು. ಮನೆಗೆ ಚಂದಮಾಮ ಬರುತ್ತಿತ್ತು, ಅದಕ್ಕೆ ಅಡ್ಡಿಯಿರಲಿಲ್ಲ. ಬರೀ ಚಿತ್ರ ತುಂಬಿದ್ದೆಲ್ಲ ಅಪ್ಪನ ಬಾಯಲ್ಲಿ ‘ಬೊಂಬೆ ಪುಸ್ತಕ’. ಅಕ್ಷರ ಬಾರದವರು ನೋಡುವಂಥದ್ದು. ಚಂದಮಾಮದ ಚಿತ್ರಗಳನ್ನು ನಾನು ಇವತ್ತಿಗೂ ಮರೆತಿಲ್ಲ, ಆದರೆ ಅಲ್ಲಿ ಚಿತ್ರ ಕಥೆಯ ಪಕ್ಕದಲ್ಲಿ ಮರ್ಯಾದೆಯಾಗಿ ಕೂತಿರುತ್ತಿತ್ತು. ಕಥೆಯನ್ನೇ ಹೆಗಲ ಮೇಲೆ ಹೊತ್ತು ಓಡುವ ಚಿತ್ರವನ್ನು ನಾನು ಕಂಡಿರಲಿಲ್ಲ. ಆಮೇಲೆ ಬೆಂಗಳೂರಿಗೆ ಬಂದು, ರಾಜಾಜಿನಗರದ ಒಂದು ಪ್ರೆಸ್ಸಿನಲ್ಲಿ ಮೂವತ್ತು ವರ್ಷ ಪ್ರೂಫ್ ನೋಡಿದೆ. ಹಾಗಾಗಿ ಎದುರುಮನೆ ಹುಡುಗ ಹತ್ತು ನಿಮಿಷದಲ್ಲಿ ಮುಗಿಸಿ ಎಸೆದಿರಬಹುದಾದ ಒಂದು ಸಂಚಿಕೆಗೆ ನನಗೆ ಎರಡು ಮಧ್ಯಾಹ್ನ ಹಿಡಿಯಿತು. ಪ್ರೂಫ್ ನೋಡುವವನ ಕಣ್ಣು ಕಥೆಗಿಂತ ಮೊದಲು ಅಕ್ಷರದ ಮೇಲೆ ಬೀಳುತ್ತದೆ.

ನಾಲ್ಕು ಪುಸ್ತಕ ಇಂದ್ರಜಾಲ ಕಾಮಿಕ್ಸ್. ಟೈಮ್ಸ್ ಆಫ್ ಇಂಡಿಯಾದವರು 1964ರ ಮಾರ್ಚ್‌ನಲ್ಲಿ ಶುರುಮಾಡಿ 1990ರವರೆಗೆ ನಡೆಸಿದ ಮಾಲೆ. ಇಂಗ್ಲಿಷಿನ ಜೊತೆ ಕನ್ನಡವೂ ಸೇರಿ ಹಲವು ಭಾಷೆಗಳಲ್ಲಿ ಬರುತ್ತಿತ್ತು. ಲೀ ಫಾಕ್ ಎಂಬ ಅಮೆರಿಕದವನು ಕಟ್ಟಿದ ಇಬ್ಬರು ಅದರ ಜೀವಾಳ: 1934ರ ಜಾದೂಗಾರ ಮಾಂಡ್ರೇಕ್, 1936ರ ಮುಖವಾಡದ ಫ್ಯಾಂಟಮ್. ಫ್ಯಾಂಟಮ್‌ನ ನಾಡಿಗೆ ಮೂಲದಲ್ಲಿದ್ದ ಹೆಸರು ನಮ್ಮ ಬಂಗಾಳವನ್ನು ನೆನಪಿಸುತ್ತದೆಂದು ಇಂದ್ರಜಾಲದವರು ಅದನ್ನು ಡೆಂಕಾಲಿ ಮಾಡಿದರು. ಹಿಂದಿಯಲ್ಲಿ ಅವನು ವೇತಾಳ, ಬಂಗಾಳಿಯಲ್ಲಿ ಅರಣ್ಯದೇವ. ಕಥೆಗಳ ಬಗ್ಗೆ ನಾನು ಹೆಚ್ಚು ಹೇಳುವುದಿಲ್ಲ. ಕಾಡಿನವರನ್ನೆಲ್ಲ ಕಾಯಲು ನಾನೂರು ವರ್ಷದಿಂದ ಒಬ್ಬ ಬಿಳಿಯನೇ ಬೇಕಾಯಿತೇ ಎಂಬ ಪ್ರಶ್ನೆ ಪ್ರತಿ ಸಂಚಿಕೆಯಲ್ಲೂ ಮುಳ್ಳಿನಂತೆ ಚುಚ್ಚುತ್ತದೆ. ಚುಚ್ಚುತ್ತಲೇ ಇರಲಿ ಅಂತ ಪುಟ ತಿರುವುತ್ತೇನೆ, ಯಾಕೆಂದರೆ ಆ ಕಾಡು! 1961ರಿಂದ ಫ್ಯಾಂಟಮ್ ಬರೆದ ಸೈ ಬ್ಯಾರಿಯ ಕುಂಚದಲ್ಲಿ ಕಾಡಿನ ಕತ್ತಲೆಗೆ ಮೈ ಇದೆ. ಒಂದು ಚೌಕದಲ್ಲಿ ಮರದ ಬೊಡ್ಡೆ ಪೂರ್ತಿ ಕಪ್ಪು. ಅದರ ಅಂಚಿನಲ್ಲಿ ನಾಲ್ಕೇ ನಾಲ್ಕು ಬಿಳಿ ಗೀರು. ಆ ನಾಲ್ಕು ಗೀರಿನಿಂದಲೇ ಆಚೆ ಎಲ್ಲೋ ಬೆಂಕಿ ಉರಿಯುತ್ತಿದೆ ಎಂದು ತಿಳಿಯುತ್ತದೆ. ಬೆಂಕಿಯನ್ನು ಬರೆದೇ ಇಲ್ಲ.

ನಾನು ಹೆಚ್ಚು ಹೊತ್ತು ಕೂತದ್ದು ಮಾತು ತುಂಬುವ ಬಲೂನುಗಳ ಮುಂದೆ.

ಇಂಗ್ಲಿಷ್ ಕಾಮಿಕ್ಸ್‌ನಲ್ಲಿ ಮಾತೆಲ್ಲ ದೊಡ್ಡಕ್ಷರ. ಆ ಅಕ್ಷರಗಳಿಗೆ ಬಾಲವಿಲ್ಲ, ಜುಟ್ಟಿಲ್ಲ. ಇಟ್ಟಿಗೆ ಪೇರಿಸಿದ ಹಾಗೆ ಸಾಲಿನ ಮೇಲೆ ಸಾಲು. ಬಲೂನಿನ ಅಳತೆ ಹಿಡಿದದ್ದು ಆ ಇಟ್ಟಿಗೆಗೆ. ಅದರೊಳಗೆ ನಮ್ಮ ಕನ್ನಡ ಬಂದು ಕೂರಬೇಕು: ತಲೆಕಟ್ಟು, ಗುಡಿಸು, ಕೊಂಬು, ದೀರ್ಘ, ಕೆಳಗೆ ಒತ್ತು, ಒತ್ತಿನ ಕೆಳಗೆ ಇನ್ನೊಂದು ಒತ್ತು. ‘ರಾಷ್ಟ್ರ’ ಎಂಬ ಎರಡಕ್ಷರದ ಪದ ಮೂರು ಅಂತಸ್ತಿನ ಮನೆ. ಇಂಗ್ಲಿಷಿನ ನಾಲ್ಕು ಸಾಲಿದ್ದ ಜಾಗದಲ್ಲಿ ಕನ್ನಡದ ಎರಡೂವರೆ ಸಾಲು ಹಿಡಿದರೆ ಪುಣ್ಯ. ಇದನ್ನೆಲ್ಲ ಕೈಯಲ್ಲೇ ಬರೆದ ಒಬ್ಬ ಲಿಪಿಕಾರ ಇದ್ದನಲ್ಲ, ಅವನ ಹೆಸರು ಎಲ್ಲೂ ಇಲ್ಲ. ಅವನ ಉಪಾಯಗಳು ಮಾತ್ರ ಪುಟಪುಟಕ್ಕೂ ಇವೆ. ಮೇಲಿನ ಸಾಲಿನ ಒತ್ತು ಎಲ್ಲಿ ಇಳಿಯುತ್ತದೋ ಸರಿಯಾಗಿ ಅದರ ಕೆಳಗೆ ಎರಡು ಪದಗಳ ನಡುವಿನ ಬಿಡುವು ಬರುವ ಹಾಗೆ ಸಾಲು ಮುರಿದಿದ್ದಾನೆ. ಒತ್ತು ಆ ಸಂದಿಯಲ್ಲಿ ಕಾಲು ಚಾಚಿ ಕೂತಿದೆ. ಒಂದು ಕಡೆ ‘ತ್ತ’ದ ಒತ್ತನ್ನು ಪಕ್ಕಕ್ಕೆ ಸರಿಸಿ ಮುಂದಿನ ಅಕ್ಷರದ ಹೊಟ್ಟೆಯ ಕೆಳಗೆ ತೂರಿಸಿದ್ದಾನೆ. ಪ್ರೆಸ್ಸಿನಲ್ಲಿ ಸೀಸದ ಮೊಳೆ ಜೋಡಿಸುತ್ತಿದ್ದ ನಮ್ಮ ಹಿರಿಯ ಕಂಪೋಸಿಟರ್‌ಗೆ ಇದನ್ನು ತೋರಿಸಿದ್ದರೆ, ಮೊಳೆಯಲ್ಲಿ ಸಾಧ್ಯವೇ ಇಲ್ಲದ ಈ ಚೇಷ್ಟೆ ನೋಡಿ ಹೊಟ್ಟೆಕಿಚ್ಚು ಪಡುತ್ತಿದ್ದರು.

ಅನುವಾದಕನಿಗೂ ಇದೇ ಇಕ್ಕಟ್ಟು. ‘ತಪ್ಪಿಸಿಕೊಂಡು ಹೋಗುತ್ತಿದ್ದಾನೆ’ ಅನ್ನಲು ಜಾಗವಿಲ್ಲ. ‘ಓಡಿದ!’ ಅಂದ. ಈ ಬಲೂನಿನ ಬಡತನ ಕನ್ನಡಕ್ಕೆ ಒಂದು ಉಪಕಾರ ಮಾಡಿದೆ ಅನ್ನಿಸಿತು. ನನ್ನ ಮೂವತ್ತು ವರ್ಷದ ಪ್ರೂಫ್‌ಗಳಲ್ಲಿ ‘ಮಾಡಲ್ಪಟ್ಟಿರುತ್ತದೆ’ ಎಂಬ ರೈಲುಗಾಡಿಗಳನ್ನು ಎಷ್ಟು ಸಾವಿರ ನೋಡಿದೆನೋ. ಅವುಗಳನ್ನು ಬರೆದವರನ್ನೆಲ್ಲ ಆರು ತಿಂಗಳು ಬಲೂನು ತುಂಬುವ ಕೆಲಸಕ್ಕೆ ಹಚ್ಚಬೇಕಿತ್ತು. ಒಂದೇ ಕೊರತೆ, ಸದ್ದು. ಚಿತ್ರದೊಳಗೇ ಬರೆದ ಗುಂಡಿನ ಸದ್ದು, ಬಾಗಿಲು ಮುರಿದ ಸದ್ದು ಹಲವು ಕಡೆ ಇಂಗ್ಲಿಷಿನಲ್ಲೇ ಉಳಿದಿವೆ. ಅದನ್ನು ಅಳಿಸಿ ಬರೆಯುವುದೆಂದರೆ ಚಿತ್ರವನ್ನೇ ತಿದ್ದಬೇಕು. ಧೊಪ್, ಛಟೀರ್, ಗಳಗಳ, ದಬದಬ, ಪಟಾರ್ ಎಂದು ಇಷ್ಟೆಲ್ಲ ಸದ್ದಿರುವ ಭಾಷೆ ಅಲ್ಲಿ ಬಾಯಿ ಮುಚ್ಚಿಕೊಂಡು ನಿಂತದ್ದು ಕಂಡು ಬೇಜಾರಾಯಿತು.

ಐದನೆಯ ಪುಸ್ತಕದಲ್ಲಿ ಅಮರ ಚಿತ್ರಕಥೆ. ಇದರ ಬಗ್ಗೆ ನನಗಿದ್ದ ತಿಳಿವಳಿಕೆ ತಲೆಕೆಳಗಾಯಿತು. ಇದು ಮುಂಬಯಿಯಲ್ಲಿ ಇಂಗ್ಲಿಷಿನಲ್ಲಿ ಹುಟ್ಟಿ ಆಮೇಲೆ ನಮ್ಮ ಕಡೆ ಬಂದದ್ದು ಅಂದುಕೊಂಡಿದ್ದೆ. ಹುಟ್ಟಿದ್ದು ಕನ್ನಡದಲ್ಲಿ. 1965ರಲ್ಲಿ ಇಂಡಿಯಾ ಬುಕ್ ಹೌಸ್‌ಗೆ ಬೆಂಗಳೂರಿನಲ್ಲಿ ಪುಸ್ತಕ ಮಾರುತ್ತಿದ್ದ ಜಿ.ಕೆ. ಅನಂತರಾಮ್ ಅವರ ಹಟದಿಂದ ಮೊದಲ ಹತ್ತು ಸಂಚಿಕೆಗಳು ಕನ್ನಡದಲ್ಲಿ ಬಂದವು. ಕಥೆಗಳು ಮಾತ್ರ ಸಿಂಡ್ರೆಲಾ, ಪಿನೋಕಿಯೋದಂಥ ಪರದೇಶದವು. ಅವು ಚೆನ್ನಾಗಿ ಖರ್ಚಾದ ಮೇಲೆ ಮುಂಬಯಿಯ ಯಜಮಾನರಿಗೆ ಧೈರ್ಯ ಬಂತು. ಇಂದ್ರಜಾಲವನ್ನು ಶುರುಮಾಡಿಕೊಟ್ಟಿದ್ದ ಅನಂತ ಪೈ ಈ ಮಾಲೆಗೆ ಬಂದರು. ಅವರೂ ನಮ್ಮವರೇ, 1929ರಲ್ಲಿ ಕಾರ್ಕಳದಲ್ಲಿ ಹುಟ್ಟಿದವರು. ಅವರು ಬರೆದು ರಾಮ್ ವಾಯೀರ್ಕರ್ ಚಿತ್ರ ಹಾಕಿದ ‘ಕೃಷ್ಣ’ನೇ ಇಂಗ್ಲಿಷಿನ ಮೊದಲ ಸಂಚಿಕೆ, ಆದರೆ ಅದರ ಸಂಖ್ಯೆ 11. ದೇಶವೆಲ್ಲ ಓದಿದ ಮಾಲೆಯ ಲೆಕ್ಕದಲ್ಲಿ ಒಂದರಿಂದ ಹತ್ತರವರೆಗಿನ ಜಾಗ ಕನ್ನಡದ್ದು. ನನಗೆ ಈ ಹನ್ನೊಂದರ ಮೇಲೆ ವಿಚಿತ್ರ ಪ್ರೀತಿ.

ಆರಂಭದ ಸಂಚಿಕೆಗಳಿಗೆ ದುಡ್ಡಿರಲಿಲ್ಲ. ಹಳದಿ, ನೀಲಿ, ಹಸಿರು ಇಷ್ಟರಲ್ಲೇ ಗೋಕುಲ ಕಟ್ಟಬೇಕಿತ್ತು. ಆಮೇಲೆ ಬಣ್ಣವೆಲ್ಲ ಬಂತು, ಅದರ ಜೊತೆಗೆ ಬಣ್ಣ ತಪ್ಪುವುದೂ. ನಾಲ್ಕು ಬಣ್ಣವನ್ನು ನಾಲ್ಕು ಸಲ ಒಂದರ ಮೇಲೊಂದು ಅಚ್ಚು ಹಾಕುವಾಗ ಕಾಗದ ಕೂದಲೆಳೆ ಸರಿದರೆ ರಾಣಿಯ ತುಟಿಯ ಕೆಂಪು ಕೆನ್ನೆಗೆ ಹೋಗಿ ಕೂರುತ್ತದೆ. ಪ್ರೆಸ್ಸಿನಲ್ಲಿ ಇಂಥದ್ದನ್ನು ಕಂಡರೆ ಇಡೀ ಫಾರಂ ರದ್ದಿಗೆ ಹಾಕಿಸುತ್ತಿದ್ದೆವು. ಈಗ ಭೂತಗನ್ನಡಿ ಹಿಡಿದು ನೋಡುತ್ತೇನೆ: ಕೆಂಪು ಚುಕ್ಕೆ, ಹಳದಿ ಚುಕ್ಕೆ ಬಿಡಿಬಿಡಿಯಾಗಿ ರಂಗೋಲಿಯ ಹಾಗೆ ನಿಂತಿವೆ. ಗಾಜು ಎತ್ತಿದರೆ ಅವೇ ಕೂಡಿಕೊಂಡು ಮೈಬಣ್ಣ. ಯೂಸುಫ್ ಲೀನ್ ಬರೆದ ‘ಮೀರಾಬಾಯಿ’ಯನ್ನು ಹೀಗೆ ಒಂದು ಸಂಜೆ ಪೂರ್ತಿ ನೋಡಿದೆ. ಬೆಂಗಳೂರ್‌ವಾಲಾ ಎಂಬ ಹೆಸರೂ ಇರುವ ಈತನ ಗೆರೆ ಉಳಿದವರಂತಲ್ಲ; ಸೆರಗು, ಜಡೆ, ಬಳ್ಳಿ, ತಂಬೂರಿ ಎಲ್ಲ ಒಂದೇ ಓಟದಲ್ಲಿ ಬಳುಕುತ್ತವೆ. ರಾಜಸ್ಥಾನದ ಹಳೆಯ ಚಿಕಣಿ ಚಿತ್ರಗಳನ್ನು ಚೆನ್ನಾಗಿ ನೋಡಿ ಪಳಗಿದ ಕೈ.

ಚೌಕಕ್ಕೂ ಚೌಕಕ್ಕೂ ನಡುವೆ ಇರುವ ಬಿಳಿ ಓಣಿಯ ಬಗ್ಗೆಯೂ ಹೇಳಬೇಕು. ಒಂದು ಚೌಕದಲ್ಲಿ ಒಬ್ಬ ಕತ್ತಿ ಎತ್ತಿದ್ದಾನೆ, ಮುಂದಿನದರಲ್ಲಿ ಕಾಗೆಗಳು ಹಾರುತ್ತಿವೆ. ಕೊಂದವರು ಯಾರು? ಆ ಅರ್ಧ ಬೆರಳಗಲದ ಓಣಿಯಲ್ಲಿ ನಾನೇ ಕೊಂದಿದ್ದೇನೆ. ಇದು ಎಲ್ಲೋ ನೋಡಿದ್ದು ಅನ್ನಿಸುತ್ತಿತ್ತು. ಆಮೇಲೆ ಹೊಳೆಯಿತು, ವೀರಗಲ್ಲು. ಕೆಳಗಿನ ಹಂತದಲ್ಲಿ ಕಾಳಗ, ನಡುವಿನದರಲ್ಲಿ ಅಪ್ಸರೆಯರು ವೀರನನ್ನು ಹೊತ್ತೊಯ್ಯುವುದು, ಮೇಲೆ ಶಿವನ ಸನ್ನಿಧಿ. ಓದುವುದು ಕೆಳಗಿನಿಂದ ಮೇಲಕ್ಕೆ. ಅವನು ಸಾಯುವ ಗಳಿಗೆಯನ್ನು ಕೆತ್ತಿಲ್ಲ, ಅದು ಎರಡು ಹಂತಗಳ ನಡುವಿನ ಪಟ್ಟಿಯಲ್ಲಿ ಆಗಿಹೋಗಿದೆ. ಶಾಸನದ ಅಕ್ಷರಗಳನ್ನು ನಮ್ಮ ಶಿಲ್ಪಿಗಳು ಸಾಮಾನ್ಯವಾಗಿ ಕೆತ್ತಿದ್ದೂ ಆ ಪಟ್ಟಿಯ ಮೇಲೆಯೇ. ಅಮೆರಿಕದವರು ಖಾಲಿ ಬಿಟ್ಟ ಓಣಿಯಲ್ಲಿ ನಮ್ಮವರು ಸತ್ತವನ ಹೆಸರು, ಊರು, ದಾನ ಕೊಟ್ಟ ಗದ್ದೆಯ ಲೆಕ್ಕ ಎಲ್ಲ ಬರೆದಿಟ್ಟರು. ಜಾಗ ಪೋಲು ಮಾಡುವ ಜಾಯಮಾನವಲ್ಲ.

ನನ್ನ ಈ ಹುಚ್ಚು ನೋಡಿ ಮಗಳು ಚರ್ಚ್ ಸ್ಟ್ರೀಟಿನಿಂದ ಒಂದು ಗ್ರಾಫಿಕ್ ನಾವೆಲ್ ತಂದುಕೊಟ್ಟಳು. ವಿಲ್ ಐಸ್ನರ್‌ನ ‘ಎ ಕಾಂಟ್ರ್ಯಾಕ್ಟ್ ವಿತ್ ಗಾಡ್’, 1978ರದ್ದು. ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಬಡ ಯೆಹೂದಿಗಳು ಕಿಕ್ಕಿರಿದು ಬಾಡಿಗೆಗಿದ್ದ ಒಂದು ಕಟ್ಟಡದ ಕಥೆಗಳು. ಎರಡು ಪುಟ ತಿರುವುವಷ್ಟರಲ್ಲಿ ಗೊತ್ತಾಯಿತು, ಇದು ವಠಾರ. ಅದೇ ಮೆಟ್ಟಿಲ ಕತ್ತಲೆ, ಬಾಡಿಗೆಗೆ ಬಂದು ನಿಲ್ಲುವ ಮಾಲೀಕ, ಒಬ್ಬರ ಮನೆಯ ಅಳು ಇನ್ನೊಬ್ಬರ ಅಡುಗೆಮನೆಗೆ ಕೇಳುವುದು. ಮೊದಲ ಕಥೆ ಮಳೆಯಿಂದ ಶುರುವಾಗುತ್ತದೆ. ಫ್ರಿಮ್ಮೆ ಹರ್ಷ್ ಎಂಬವನು ಸಾಕುಮಗಳನ್ನು ಮಣ್ಣು ಮಾಡಿ ಮನೆಗೆ ನಡೆದು ಬರುತ್ತಿದ್ದಾನೆ. ಇಲ್ಲಿ ಚೌಕಗಳಿಗೆ ಗೆರೆಯೇ ಇಲ್ಲ. ಮಳೆಯೇ ಪುಟದ ಅಂಚು. ಬೆನ್ನು ಬಾಗಿದ ಒಬ್ಬ ಮನುಷ್ಯ, ಸುತ್ತ ಓರೆಯಾಗಿ ಸುರಿಯುವ ಗೀರುಗಳು. ಅಕ್ಷರಗಳೂ ನೆನೆದು ತೊಟ್ಟಿಕ್ಕುತ್ತಿವೆ. ಚಿಕ್ಕಂದಿನಲ್ಲಿ ದೇವರೊಂದಿಗೆ ಒಪ್ಪಂದ ಮಾಡಿಕೊಂಡು ಅದನ್ನು ಪುಟ್ಟ ಕಲ್ಲಿನ ಮೇಲೆ ಬರೆದಿಟ್ಟುಕೊಂಡವನು ಅವನು. ತನ್ನ ಕಡೆಯದನ್ನು ನಡೆಸಿದ್ದಾನೆ. ಆ ರಾತ್ರಿ ಲೆಕ್ಕ ಕೇಳುತ್ತಾನೆ. ನಮ್ಮ ದಾಸರೂ ದೇವರನ್ನು ಬೈದವರೇ, ಆದರೆ ನಿಂದಾಸ್ತುತಿಯ ಬೈಗುಳದಲ್ಲಿ ಮನೆಯವರ ಸಲಿಗೆ ಇರುತ್ತದೆ. ಇವನದು ಹಾಗಲ್ಲ. ಬಾಡಿಗೆ ಕರಾರು ಮುರಿದವನ ಮೇಲಿನ ಸಿಟ್ಟು. ಕಲ್ಲನ್ನು ಕಿಟಕಿಯಿಂದ ಆಚೆ ಎಸೆಯುತ್ತಾನೆ. ಐಸ್ನರ್‌ಗೆ ಹದಿನಾರರ ಮಗಳಿದ್ದಳು, ರಕ್ತದ ಕ್ಯಾನ್ಸರ್‌ನಿಂದ ತೀರಿಕೊಂಡಳು. ಇದನ್ನು ಅವನು ಬಹಳ ವರ್ಷ ಹೇಳಿಕೊಂಡಿರಲಿಲ್ಲ. ಅದು ಗೊತ್ತಾದ ಮೇಲೆ ಆ ಮಳೆಯ ಪುಟಗಳಿಗೆ ಮತ್ತೆ ಹೋದೆ. ಗೀರುಗಳು ಮೊದಲು ಕಂಡಷ್ಟು ಒಂದೇ ಸಮನಾಗಿಲ್ಲ. ಕೆಲವು ಕಡೆ ಲೇಖನಿಯನ್ನು ಕಾಗದಕ್ಕೆ ಒತ್ತಿ ಎಳೆದಿದ್ದಾನೆ.

ಎದುರುಮನೆ ಅಮ್ಮ ಈಗ ಕುರುಬರಹಳ್ಳಿ ಕಡೆ ಬಾಡಿಗೆ ಮನೆಯಲ್ಲಿದ್ದಾರೆ, ಹೊಸ ಫ್ಲ್ಯಾಟ್ ಆಗುವವರೆಗೆ. ಹೋದ ತಿಂಗಳು ಕೆಂಪು ಪುಸ್ತಕಗಳಲ್ಲಿ ಒಂದನ್ನು ಹಿಡಿದುಕೊಂಡು ಹೋಗಿದ್ದೆ, ಅವರಿಗೆ ತೋರಿಸಲೇಬೇಕಾದ ಒಂದು ಪುಟ ಸಿಕ್ಕಿತ್ತು. ಮೂರನೆಯ ಪುಸ್ತಕದ ನಡುವೆ ಮಾಂಡ್ರೇಕ್‌ನ ಒಂದು ಕಥೆಗೆ ಕೊನೆಯ ಹಾಳೆಯಿಲ್ಲ. ಹರಿದುಹೋಗಿದೆ. ಆ ಜಾಗದಲ್ಲಿ ಎರಡು ಗೆರೆ ಕಾಪಿಪುಸ್ತಕದ ಒಂದು ಹಾಳೆಯನ್ನು ಮೈದಾ ಅಂಟಿನಿಂದ ಅಂಟಿಸಿದೆ. ಅದರಲ್ಲಿ ಸ್ಕೇಲು ಹಿಡಿದು ಎಳೆದ ಆರು ಚೌಕ. ಮಾಂಡ್ರೇಕ್‌ನ ಟೋಪಿ ತಲೆಯಷ್ಟೇ ಉದ್ದ. ಅವನ ಬಂಟ ಲೋಥಾರ್‌ಗೆ ಕೈಗಳು ಒಂದು ಚೌಕದಲ್ಲಿ ಎರಡು, ಇನ್ನೊಂದರಲ್ಲಿ ಒಂದೇ. ಕಳ್ಳ ಸಿಕ್ಕಿಬಿದ್ದಿದ್ದಾನೆ.

“ಇದು ಅವನದೇ ಕೈ” ಅಂದರು ಅಮ್ಮ. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡು ಮತ್ತೆ ನೋಡಿದರು. “ಲೋಥಾರ್‌ಗೆ ನಮ್ಮ ಹಾಲಿನವನ ಮೀಸೆ ಇಟ್ಟಿದ್ದಾನೆ ನೋಡ್ರೀ.”

ಹುಡುಗ ಬಲೂನನ್ನು ಮೊದಲು ಬರೆದು ಮಾತನ್ನು ಆಮೇಲೆ ತುಂಬಿದ್ದಾನೆ. ಹಾಗಾಗಿ ಪ್ರತಿ ಬಲೂನಿನಲ್ಲೂ ಕೊನೆಯ ಪದ ಕಿರಿದಾಗುತ್ತ ಹೋಗಿ ಅಂಚಿಗೆ ಒರಗಿದೆ. ಮಾಂಡ್ರೇಕ್ ಹೇಳುವ ‘ಸಿಕ್ಕಿಬಿದ್ದೆ’ಯ ಎರಡು ಒತ್ತುಗಳಿಗೂ ಒಳಗೆ ಜಾಗವಿಲ್ಲ. ಅವನು ಅವುಗಳನ್ನು ಗೆರೆ ದಾಟಿಸಿ, ಬಲೂನಿನಾಚೆ, ಕಳ್ಳನ ತಲೆಯ ಮೇಲೆ ಬರೆದಿದ್ದಾನೆ.