ಯಾವ ಗಣಪತಿ?

ಮಗ ಹುಟ್ಟಿ ನಾಲ್ಕು ದಿನಕ್ಕೆ ನಾವಿಬ್ಬರೂ ಒಂದು ಎಕ್ಸೆಲ್ ಶೀಟ್ ಮಾಡಿದೆವು. ಹೆಸರು, ಅರ್ಥ, ಇಂಗ್ಲಿಷ್ ಸ್ಪೆಲ್ಲಿಂಗ್, ಕೊನೆಯಲ್ಲಿ ‘ನಮಗೆ ಗೊತ್ತಿರೋರಲ್ಲಿ ಎಷ್ಟು ಜನಕ್ಕಿದೆ’ ಅನ್ನೋ ಕಾಲಮ್ಮು. ಅಲ್ಲಿ ಸೊನ್ನೆ ಬಂದರೆ ಮಾತ್ರ ಹೆಸರು ಮುಂದಿನ ಸುತ್ತಿಗೆ. ಮೂವತ್ತೊಂದನೇ ಸಾಲಿನಲ್ಲಿ ನಾನು ‘ಗಣಪತಿ’ ಅಂತ ಟೈಪ್ ಮಾಡಿದೆ. ಹೆಂಡತಿ ಮೈಸೂರಿನವಳು. “ಗಣಪತಿನಾ? ಅದು ಹಬ್ಬಕ್ಕೆ ತರೋದಲ್ವೇನ್ರೀ?” ಅಂದಳು. ಕೊನೆಯ ಕಾಲಮ್ಮಿನಲ್ಲಿ ಏನು ಬರೆಯಲಿ ಅಂತ ತಿಳಿಯದೆ ನಾನು ‘ಲೆಕ್ಕಕ್ಕೆ ಸಿಗಲ್ಲ’ ಅಂತ ಹಾಕಿದೆ.

ನಿಜವಾಗಿಯೂ ಲೆಕ್ಕಕ್ಕೆ ಸಿಗಲ್ಲ. ಭಟ್ಕಳದಿಂದ ಕುಮಟೆಯವರೆಗೆ ಯಾವ ಬಸ್ಸಿನಲ್ಲಾದರೂ “ಗಣಪತೀ” ಅಂತ ಕೂಗಿ ನೋಡಿ, ಒಬ್ಬರಾದರೂ ತಿರುಗುತ್ತಾರೆ. ಹೊನ್ನಾವರದ ನಮ್ಮೂರ ಶಾಲೆಯಲ್ಲಿ ನನ್ನ ಕ್ಲಾಸಿನಲ್ಲೇ ನಾಲ್ಕು ಜನ ಇದ್ದರು. ನನ್ನ ಅಜ್ಜನೂ ಗಣಪತಿಯೇ.

ಹೆಸರನ್ನು ಒಂದು ಕೃತಿ ಅಂತ ಇಟ್ಟುಕೊಂಡು ವಿಮರ್ಶೆ ಮಾಡೋಣ. ನಾಲ್ಕು ಅಕ್ಷರ, ನಾಲ್ಕೂ ಲಘು. ದೀರ್ಘವಿಲ್ಲ, ಒತ್ತಕ್ಷರವಿಲ್ಲ. ಹಾಗಾಗಿ ಬಾಯಲ್ಲಿ ಬೇಗ ಸವೆಯುತ್ತದೆ. ಮನೆಯಲ್ಲಿ ‘ಗಪ್ಪತಿ’ ಆಗುತ್ತದೆ, ತೋಟದ ಆ ತುದಿಯಿಂದ ಕರೆಯುವಾಗ ಕೊನೆಯ ‘ತಿ’ ಒಂದು ಫರ್ಲಾಂಗು ಎಳೆಯುತ್ತದೆ. ನಮ್ಮ ಆಫೀಸಿನ ಕಾನ್ಫರೆನ್ಸ್ ಕಾಲ್‌ಗಳಲ್ಲಿ ಮೊದಲು ಬಿದ್ದುಹೋಗೋದು ‘ಣ’.

ಇನ್ನು ಕಥೆ. ನಮ್ಮ ಕರಾವಳಿಯ ಗಣಪತಿಗೆ ನಾಲ್ಕು ಕೈಯಿಲ್ಲ. ಗೋಕರ್ಣದಲ್ಲೂ ಇಡಗುಂಜಿಯಲ್ಲೂ ಎರಡೇ ಕೈ, ನಿಂತ ಭಂಗಿ. ಇಡಗುಂಜಿಯಲ್ಲಂತೂ ಇಲಿ ಕೂಡ ಜೊತೆಗಿಲ್ಲ. ಯಾಕಂದರೆ ಇಲ್ಲಿ ಅವನು ಒಬ್ಬ ಮಾಣಿ. ರಾವಣ ಆತ್ಮಲಿಂಗ ಹಿಡಿದುಕೊಂಡು ಲಂಕೆಗೆ ಹೊರಟಿದ್ದಾನೆ, ನೆಲಕ್ಕಿಡುವಂತಿಲ್ಲ, ಸಂಧ್ಯಾವಂದನೆಯ ಹೊತ್ತು. ದಾರಿಯಲ್ಲಿ ಸಿಕ್ಕ ಹುಡುಗನ ಕೈಗೆ ಕೊಡುತ್ತಾನೆ. ಹುಡುಗ ಮೂರು ಸಲ ಕರೆದು, ಇಟ್ಟುಬಿಡುತ್ತಾನೆ. ಸಿಟ್ಟಿಗೆದ್ದ ರಾವಣ ಎಸೆದ ಕರಡಿಗೆ, ಮುಚ್ಚಳ, ದಾರ, ಬಟ್ಟೆ ಎಲ್ಲೆಲ್ಲಿ ಬಿದ್ದವೋ ಅಲ್ಲೆಲ್ಲ ಒಂದೊಂದು ದೇವಸ್ಥಾನ: ಭಟ್ಕಳ ತಾಲೂಕಿನ ಮುರ್ಡೇಶ್ವರ, ಹೊನ್ನಾವರದ ಗುಣವಂತೆ, ಕುಮಟೆಯ ಧಾರೇಶ್ವರ, ಕಾರವಾರದ ಹತ್ತಿರದ ಸೆಜ್ಜೇಶ್ವರ. ಹುಡುಗನ ತಲೆಗೆ ರಾವಣ ಕುಟ್ಟಿದ್ದಕ್ಕೆ ಗೋಕರ್ಣದ ಮಹಾಗಣಪತಿಯ ನೆತ್ತಿಯಲ್ಲಿ ಇನ್ನೂ ಗುರುತಿದೆ ಅಂತಾರೆ. ಹತ್ತು ತಲೆಯವನನ್ನು ಒಂದು ಮಾಣಿ ಯಾಮಾರಿಸಿದ ಕಥೆ ಇದು. ಗಂಡುಮಕ್ಕಳಿಗೆ ಈ ಹೆಸರು ಇಲ್ಲಿ ಇಷ್ಟು ಓಡೋದಕ್ಕೆ ಬೇರೆ ಕಾರಣ ಬೇಕಾ?

ಎಲ್ಲರೂ ಗಣಪತಿಯಾದರೆ ಗುರುತು ಹಿಡಿಯೋದು ಹೇಗೆ? ಊರಲ್ಲಿ ಅದು ಸಮಸ್ಯೆಯೇ ಅಲ್ಲ. ನಮ್ಮ ಮಾಸ್ತರು ಹಾಜರಿ ಕರೆಯುತ್ತಿದ್ದದ್ದೇ ‘ಗಣಪತಿ ಸುಬ್ರಾಯ’, ‘ಗಣಪತಿ ಮಾದೇವ’, ‘ಗಣಪತಿ ತಿಮ್ಮಪ್ಪ’ ಅಂತ. ಮೈಸೂರು ಕಡೆಯ ಹಾಗೆ ಮುಂದೆ ಇನಿಷಿಯಲ್ ಅಲ್ಲ, ಹಿಂದೆ ಅಪ್ಪನ ಪೂರ್ತಿ ಹೆಸರು. ನಮ್ಮ ಜಿಲ್ಲೆ 1862ರಿಂದ 1956ರವರೆಗೆ ಮುಂಬಯಿ ಆಡಳಿತದಲ್ಲಿತ್ತಲ್ಲ, ಆ ಕಡೆಯ ರೂಢಿ ಇದು. ಮುಖ್ಯಮಂತ್ರಿಯಾಗಿದ್ದ ರಾಮಕೃಷ್ಣ ಹೆಗಡೆಯವರ ಪೂರ್ತಿ ಹೆಸರು ರಾಮಕೃಷ್ಣ ಮಹಾಬಲೇಶ್ವರ ಹೆಗಡೆ. ಯಕ್ಷಗಾನದಲ್ಲಿ ಊರು, ಮನೆಯ ಹೆಸರೇ ಸಾಕು. “ನಿನ್ನೆ ರಾಮಚಂದ್ರ ಹೆಗಡೆಯವರ ಕೀಚಕ ಇತ್ತು” ಅಂತ ಯಾರೂ ಹೇಳುತ್ತಿರಲಿಲ್ಲ, ‘ಚಿಟ್ಟಾಣಿ’ ಅಂದರೆ ಮುಗೀತು. ಕೆರೆಮನೆ, ಜಲವಳ್ಳಿ, ಕಡತೋಕ ಎಲ್ಲ ಹೀಗೇ. ಭಟ್ಕಳದ ನವಾಯತರಲ್ಲಿ ಮೊಹಮ್ಮದ್ ಎಷ್ಟು ಜನವೋ. ಶಾಬಂದ್ರಿ, ದಾಮುದಿ, ಸಿದ್ದೀಬಾಪ ಅಂದಕೂಡಲೇ ಮನೆ ಗೊತ್ತಾಗುತ್ತದೆ.

ಅಂದರೆ ನಮ್ಮಲ್ಲಿ ಹೆಸರು ವಿಳಾಸದ ಮೊದಲ ಸಾಲು ಮಾತ್ರ. ಉಳಿದದ್ದನ್ನು ಊರೇ ತುಂಬಿಸುತ್ತದೆ. “ಯಾವ ಗಣಪತಿ? ನೀ ಯಾರ ಪೈಕಿ ತಮಾ?” ಅಂತ ಮಾತು ಶುರುವಾಗುತ್ತದೆ. ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಈ ಪ್ರಶ್ನೆ ಕೇಳೋರಿಲ್ಲ. ಅದಕ್ಕೇ ಪಾಪ, ಇಡೀ ವಿಳಾಸದ ಕೆಲಸವನ್ನು ಮಗುವಿನ ಹೆಸರೊಂದೇ ಮಾಡಬೇಕು, ಯುನೀಕ್ ಆಗಿರಬೇಕು. ಆದರೆ ನಾವೆಲ್ಲ ಅದೇ ಆ್ಯಪ್ ನೋಡಿ ಹುಡುಕಿದ ಯುನೀಕ್ ಹೆಸರುಗಳು ಕೊನೆಗೆ ಅದೇ ಪ್ಲೇ ಸ್ಕೂಲಿನ ಅದೇ ಕ್ಲಾಸಿನಲ್ಲಿ ಸಾಲಾಗಿ ಕೂರುತ್ತವೆ.

ಇಷ್ಟು ವಾದ ಮಾಡಿ ನಾನು ಗೆದ್ದೆ. ಹೆಸರು ಗಣಪತಿ ಅಂತಲೇ ಆಯಿತು. ಆದರೆ ಈ ವಾದದಲ್ಲಿ ಒಂದು ವಿಷಯ ಹೆಂಡತಿಗೆ ಹೇಳಿರಲಿಲ್ಲ. ಹೇಳಬಾರದು ಅಂತಲ್ಲ, ನನಗೇ ಹೊಳೆದಿರಲಿಲ್ಲ.

‘ಯಾರ ಪೈಕಿ’ ಅನ್ನೋದು ಬರೀ ಮನೆ ಹುಡುಕುವ ಪ್ರಶ್ನೆಯಲ್ಲ. ಗಣಪತಿ ಭಟ್ಟರಿದ್ದಾರೆ, ಶೇಟರಿದ್ದಾರೆ, ನಾಯ್ಕರಿದ್ದಾರೆ, ಗೌಡರಿದ್ದಾರೆ. ಮೊದಲ ಹೆಸರು ಎಲ್ಲರದ್ದೂ ಒಂದೇ ಆದ್ದರಿಂದ ಎರಡನೆಯದನ್ನು ಕೇಳಲೇಬೇಕು, ಕೇಳಿದ ಮೇಲೆ ಧ್ವನಿ ಬದಲಾಗುತ್ತದೆ. ಹಾಲಕ್ಕಿ ಒಕ್ಕಲಿಗರ ಹಳೇ ತಲೆಯವರಲ್ಲಿ ಸುಕ್ರು, ಬೊಮ್ಮು, ಸೋಮು ಅನ್ನೋ ಹೆಸರುಗಳೇ ಹೆಚ್ಚು. ಅಂಥ ಮನೆಗಳಲ್ಲಿ ಮೊಮ್ಮಗ ಶಾಲೆಗೆ ಸೇರುವಾಗ ಗಣಪತಿಯೋ ಮಂಜುನಾಥನೋ ಆಗಿದ್ದರೆ, ಅಲ್ಲಿ ಆ ಹೆಸರು ಸಂಪ್ರದಾಯವಲ್ಲ, ಹೊಸದಾಗಿ ಹತ್ತಿದ ಮೆಟ್ಟಿಲು. ಗುರುತು ಸಿಗಬಾರದು ಅಂತಲೇ ಪಟ್ಟಣಕ್ಕೆ ಬಂದು, ಮಗನಿಗೆ ಯಾರ ಪೈಕಿಯೂ ಅಲ್ಲದ ಹೆಸರಿಡುವವರು ಇದ್ದಾರೆ. ಅವರ ಎಕ್ಸೆಲ್ ಶೀಟಿನ ಸೊನ್ನೆಗೆ ನಾನು ನಗುವ ಹಾಗಿಲ್ಲ.

ದೇವರ ಕಥೆಯೂ ಇದನ್ನೇ ಹೇಳ್ತದೆ ನೋಡಿ. ರಾವಣ ಆ ಹುಡುಗನನ್ನು ‘ಯಾರ ಪೈಕಿ’ ಅಂತ ಕೇಳಲಿಲ್ಲ. ಕೇಳಿದ್ದರೆ ಗೋಕರ್ಣವೇ ಇರುತ್ತಿರಲಿಲ್ಲ.

ನಮ್ಮ ತೋಟದ ಕೆಲಸಕ್ಕೆ ಒಬ್ಬರು ಬರುತ್ತಿದ್ದರು. ಕೊನೆ ಕೊಯ್ಯುವುದರಿಂದ ಹಿಡಿದು ಮಳೆಗಾಲಕ್ಕೆ ಮುಂಚೆ ಬೇಲಿ ಕಟ್ಟುವವರೆಗೆ ಎಲ್ಲ ಅವರದ್ದೇ. ಅವರ ಹೆಸರೂ ಗಣಪತಿ. ಅಜ್ಜನಿಗಿಂತ ನಾಲ್ಕೈದು ವರ್ಷ ಚಿಕ್ಕವರಿರಬಹುದು. ಅಜ್ಜ ಊರಿಗೆಲ್ಲ ‘ಗಣಪತಿ ಹೆಗಡೇರು’, ಇವರು ‘ಗಣಪ’. ಅಜ್ಜ ‘ಅವರು’, ಇವರು ‘ಅವ’. ಆರು ವರ್ಷದ ನಾನೂ “ಗಣಪಾ, ಪೇರಳೆ ಕೊಯ್ದು ಕೊಡಾ” ಅನ್ನುತ್ತಿದ್ದೆ. ಒಂದೇ ಹೆಸರನ್ನು ಒಂದೇ ಅಂಗಳದಲ್ಲಿ ಒಬ್ಬರಿಗೆ ಹಿಗ್ಗಿಸಿ, ಇನ್ನೊಬ್ಬರಿಗೆ ಕತ್ತರಿಸಿ ಕರೆಯಲು ನನಗೆ ಯಾರೂ ಕಲಿಸಬೇಕಾಗಲಿಲ್ಲ. ನಾಲ್ಕೂ ಲಘು, ಬೇಗ ಸವೆಯುತ್ತದೆ ಅಂತ ಮೇಲೆ ಬರೆದೆನಲ್ಲ, ಅದು ಅರ್ಧ ಸತ್ಯ. ಯಾರ ಹೆಸರು ಸವೆಯುತ್ತದೆ ಅನ್ನೋದನ್ನು ವ್ಯಾಕರಣ ತೀರ್ಮಾನಿಸಲ್ಲ.

ಮಗುವಿಗೆ ಮೂರು ತಿಂಗಳಾದಾಗ ಊರಿಗೆ ಕರೆದುಕೊಂಡು ಹೋದೆವು. ಆ ಹಿರಿಯರು ಕೋಲೂರಿಕೊಂಡು ನೋಡಲು ಬಂದರು, ಅಂಗಳದಲ್ಲೇ ನಿಂತರು. “ಹೆಸ್ರೆಂತ ಇಟ್ರಿ ಒಡೆಯಾ?” ಅಂದರು. ಗಣಪತಿ ಅಂದೆ. ಹಲ್ಲಿಲ್ಲದ ಬಾಯಿ ತೆರೆದು ನಕ್ಕರು. “ಓ, ನನ್ ಹೆಸ್ರೇಯಾ!”

ಒಳಗಿನಿಂದ ಆಯಿ ಅಂದಳು, “ಅಲ್ದಾ ಗಣಪಾ, ಇದು ಅಜ್ಜನ ಹೆಸ್ರು.”

ಅವರು “ಹೌದು ಹೌದು” ಅಂತ ಮಗುವಿನ ಪಾದ ಮುಟ್ಟಿ, ಹತ್ತು ರೂಪಾಯಿಯ ನೋಟು ಇಟ್ಟು ಹೋದರು. “ನಿಮ್ಮದೂ ಹೌದು” ಅನ್ನೋದಕ್ಕೆ ನನಗೆ ಎರಡು ಸೆಕೆಂಡು ಸಾಕಿತ್ತು. ಬಾಯಿ ಬರಲಿಲ್ಲ. ಹೇಳಬೇಕಿದ್ದರೆ ಜೀವನದಲ್ಲಿ ಮೊದಲ ಸಲ ಅವರಿಗೆ ‘ನೀವು’ ಅನ್ನಬೇಕಿತ್ತು.

ಈಗ ಮನೆಯಲ್ಲಿ ಹೆಂಡತಿ ಮಗನನ್ನು ಪೂರ್ತಿ ನಾಲ್ಕೂ ಅಕ್ಷರ ಸೇರಿಸಿಯೇ ಕರೆಯುತ್ತಾಳೆ. ಯಾವ ಗಣಪತಿಯ ಹೆಸರು ಅಂತ ಅವನು ಮುಂದೊಂದು ದಿನ ಕೇಳಿದರೆ, ಇಬ್ಬರದ್ದು ಅಂತ ಹೇಳ್ತೇನೆ. ಅದಕ್ಕೆ ಮುಂಚೆ ಊರಿಗೊಮ್ಮೆ ಹೋಗಿ ಎರಡನೆಯವರಿಗೆ ಈ ವಿಷಯ ತಿಳಿಸಬೇಕು. ಇಲ್ಲಿ ಅವರನ್ನು ‘ಅವರು’ ಅಂತ ಬರೆಯೋದು ಸುಲಭವಾಯಿತು. ಅಂಗಳದಲ್ಲಿ ನಿಂತು ಅವರನ್ನು ಏನಂತ ಕೂಗಬೇಕು ಅನ್ನೋದನ್ನು ಇನ್ನೂ ಬಾಯಿಗೆ ರೂಢಿ ಮಾಡಿಕೊಳ್ತಾ ಇದ್ದೇನೆ.