ಗುರ್ನಾದ ಮಣ್ಣಿನ ಮನೆಗಳು

ಮನೆ ಕಟ್ಟುವ ವಿಷಯವಾಗಿ ಪುಸ್ತಕ ಬರೆದವರು ಅನೇಕರು. ಕಟ್ಟಿ ಸೋತ ಕಥೆಯನ್ನು ಬರೆದವರು ಕಡಮೆ. ಈಜಿಪ್ಟಿನ ವಾಸ್ತುಶಿಲ್ಪಿ ಹಸನ್ ಫಾತಿಯವರ (1900–1989) ‘ಬಡವರಿಗಾಗಿ ವಾಸ್ತುಶಿಲ್ಪ’ ಅಂಥ ಅಪರೂಪದ ಕೃತಿ. 1969ರಲ್ಲಿ ಕೈರೋದಲ್ಲಿ ಬೇರೆ ಹೆಸರಿನಿಂದ ಪ್ರಕಟವಾಗಿ, 1973ರಲ್ಲಿ ಷಿಕಾಗೋದಿಂದ ಈ ಹೆಸರಿನಲ್ಲಿ ಹೊರಬಂದಿತು. ನಾನು ಅದನ್ನು ಎರಡು ಸಲ ಓದಿದೆ. ಮೊದಲ ಸಲ ಮನಸ್ಸು ಕರಗಿತು; ಎರಡನೆಯ ಸಲ ಲೇಖಕರೊಡನೆ ಜಗಳವಾಡಬೇಕೆನಿಸಿತು.

ಲಕ್ಸಾರಿನ ಎದುರು, ನೈಲ್ ನದಿಯ ಪಶ್ಚಿಮ ದಡದಲ್ಲಿ, ಪ್ರಾಚೀನ ಗೋರಿಗಳ ಮೇಲೆಯೇ ಗುರ್ನಾದ ಜನ ಮನೆ ಮಾಡಿಕೊಂಡಿದ್ದರು. ಗೋರಿಗಳಿಂದ ಕಳವು ನಿಲ್ಲದಿರಲು, ಆ ಸುಮಾರು 7,000 ಮಂದಿಯನ್ನು ಕೆಳಗಿನ ಬಯಲಿಗೆ ಸಾಗಿಸಲು ಪ್ರಾಚ್ಯವಸ್ತು ಇಲಾಖೆ ನಿಶ್ಚಯಿಸಿತು. ಹೊಸ ಊರು ಕಟ್ಟುವ ಕೆಲಸ 1945ರಲ್ಲಿ ಫಾತಿಯವರ ಪಾಲಿಗೆ ಬಂದಿತು.

ಮಣ್ಣಿನ ಪ್ರಸ್ತಾಪ ಬಂದಲ್ಲೆಲ್ಲ ಈ ಪುಸ್ತಕ ಬಲು ಸೊಗಸು. ಯುದ್ಧಕಾಲದಲ್ಲಿ ಮರ ಸಿಗದೆ ಕಂಗೆಟ್ಟಿದ್ದ ಫಾತಿಯವರು ಆಸ್ವಾನಿನ ಕಡೆಯ ನೂಬಿಯಾ ಮೇಸ್ತ್ರಿಗಳನ್ನು ಕಂಡರು. ಅವರು ಹುಲ್ಲು ಬೆರಸಿದ ಹಸಿ ಇಟ್ಟಿಗೆಯನ್ನು ಗೋಡೆಗೆ ಓರೆಯಾಗಿ ಒರಗಿಸುತ್ತ, ಕೆಳಗೆ ಮರದ ಆಸರೆಯಿಲ್ಲದೆ ಕಮಾನು ಚಾವಣಿ ಎತ್ತುತ್ತಿದ್ದರು. ಆ ಕೈಗಳನ್ನು ವರ್ಣಿಸುವಾಗ ಲೇಖಕರಿಗೆ ದಣಿವೇ ಇಲ್ಲ. ಒಂದೇ ನಕ್ಷೆಯನ್ನು ನೂರು ಮನೆಗಳಿಗೆ ಅಚ್ಚೊತ್ತಲು ಅವರು ಒಪ್ಪಲಿಲ್ಲ. ಮನೆಯೊಡೆಯ, ಶಿಲ್ಪಿ, ಮೇಸ್ತ್ರಿ, ಮೂವರೂ ಕೂಡಿ ಮನೆ ಆಗಬೇಕೆಂಬುದು ಅವರ ಪಟ್ಟು. ಇದು ಒಪ್ಪತಕ್ಕ ಮಾತೇ.

ಆದರೆ ನೀರಿನ ಪ್ರಸಂಗವನ್ನು ನೋಡಿ. ಮನೆಮನೆಗೂ ನಲ್ಲಿ ಬಂದರೆ ಹುಡುಗಿಯರು ಕೊಡ ಹೊತ್ತು ಹೊರಡುವುದು ತಪ್ಪಿ, ವರನ ಕಣ್ಣಿಗೆ ಬೀಳುವ ಸಂದರ್ಭವೇ ಇಲ್ಲವಾದೀತೆಂದು ಅವರು ಚಿಂತಿಸುತ್ತಾರೆ. ಸಮಾಜದ ನಾಡಿಯನ್ನು ಬಲ್ಲವರ ಮಾತಿದು, ಸುಳ್ಳಲ್ಲ. ಆದರೂ ನಾನು ಅಲ್ಲಿಯೇ ಪುಸ್ತಕ ಮುಚ್ಚಿಟ್ಟು ಕುಳಿತೆ. ಕೊಡ ಹೊರುವವಳು ಏನೆನ್ನುತ್ತಿದ್ದಳು? ಪುಸ್ತಕದಲ್ಲಿ ಅವಳ ಚೆಲುವಾದ ನಡಿಗೆಯಿದೆ, ಕತ್ತಿನ ನೋವಿಲ್ಲ. ಜನರ ಬಗೆಗೆ ಇಷ್ಟೊಂದು ಯೋಚಿಸಿದ ಲೇಖಕರು ಜನರ ಬಾಯಿಂದ ಆಡಿಸಿದ್ದು ತೀರ ಅಲ್ಪ.

ಎಲ್ಲಕ್ಕಿಂತ ಮೊದಲ ಪ್ರಶ್ನೆ, ನೀವು ಬರುತ್ತೀರಾ ಎಂಬುದು, ಇಲಾಖೆಯ ಕಡತದಲ್ಲಿಯೇ ತೀರ್ಮಾನವಾಗಿತ್ತು. ಬೆಟ್ಟದ ಮೇಲಿನವರಿಗೆ ಗೋರಿಗಳೇ ಜೀವನೋಪಾಯ: ಉತ್ಖನನದ ಕೂಲಿ, ಪ್ರವಾಸಿಗಳಿಗೆ ಹಳೆಯ ವಸ್ತುಗಳ ಮಾರಾಟ (ನಿಜವಾದವೂ ಉಂಟು, ನಕಲಿಯೂ ಉಂಟು). ಕೆಳಗಿಳಿದರೆ ಅನ್ನವೆಲ್ಲಿ? ಫಾತಿಯವರು ಕಸಬು ಕಲಿಸುವ ಶಾಲೆಯನ್ನು ಯೋಜಿಸಿದ್ದರೆಂಬುದು ಅವರ ಹೆಚ್ಚುಗಾರಿಕೆ. ಆದರೆ ಒಂದು ರಾತ್ರಿ ಯಾರೋ ಒಡ್ಡು ಕಡಿದು ಹೊಸ ಊರಿಗೆ ನೀರು ನುಗ್ಗಿಸಿದರು. 1948ರ ಹೊತ್ತಿಗೆ ಕೆಲಸ ನಿಂತಿತು. ತಪ್ಪಿನ ದೊಡ್ಡ ಪಾಲನ್ನು ಲೇಖಕರು ಅಧಿಕಾರಿಗಳ ಮೇಲೆ ಹೊರಿಸುತ್ತಾರೆ. ಒಡ್ಡು ಕಡಿದವರದೂ ಒಂದು ಅಭಿಪ್ರಾಯವಿದ್ದಿರಬೇಕು. ಅದನ್ನು ಅವರು ದ್ರೋಹವೆಂದಷ್ಟೇ ಓದಿದರು.

ಹಳೆಯ ಗುರ್ನಾದ ಮನೆಗಳನ್ನು ಈ ಶತಮಾನದ ಮೊದಲ ದಶಕದಲ್ಲಿ ಸರಕಾರ ಕೆಡವಿಹಾಕಿತು. ಹೊಸ ಗುರ್ನಾದಲ್ಲಿ ನೆಲದ ಉಪ್ಪು ಗೋಡೆಗಳನ್ನು ತಿಂದಿತು. ಅಲ್ಲಿ ನೆಲಸಿದವರಲ್ಲಿ ಹಲವರು, ಮಕ್ಕಳು ಹೆಚ್ಚಿದಂತೆ, ಮಣ್ಣಿನ ಗುಮ್ಮಟ ಕೆಡವಿ ಕಾಂಕ್ರೀಟಿನ ಮಹಡಿ ಎಬ್ಬಿಸಿಕೊಂಡರು.