ವಿಭೂತಿ ತೊಳೆದರೆ ಹೋಗುವ ಕೃಪೆ

ಗುರುಚರಿತ್ರೆಯನ್ನು ಪಾರಾಯಣಕ್ಕೆಂದು ಓದುವವರು ಬಹಳ, ಅದು ಏನು ಹೇಳುತ್ತಿದೆ ಎಂದು ತಡೆದು ಕೇಳುವವರು ಕಡಿಮೆ. ಸಪ್ತಾಹಕ್ಕೆ ಕೂತವರಿಗೆ ದಿನಕ್ಕೆ ಇಷ್ಟು ಅಧ್ಯಾಯ ಮುಗಿಯಬೇಕೆಂಬ ಧಾವಂತ ಇರುತ್ತದೆ. ಕಥೆಗಳು ಒಂದರ ಮೇಲೊಂದು ಹರಿದುಹೋಗುತ್ತವೆ. ಹಾಗಾಗಿ ಈ ಪುಸ್ತಕದೊಳಗೇ ಪಾಪ ಮತ್ತು ಕೃಪೆಯ ಬಗ್ಗೆ ಒಂದಕ್ಕೊಂದು ಒಗ್ಗದ ಎರಡು ಬೋಧೆಗಳು ಇವೆ ಎಂಬುದು ಗಮನಕ್ಕೆ ಬರುವುದೇ ಇಲ್ಲ. ಬರೆದವನು ಸರಸ್ವತಿ ಗಂಗಾಧರ, ಗುರು ನರಸಿಂಹ ಸರಸ್ವತಿಯ ಶಿಷ್ಯ ಸಾಯಂದೇವನ ವಂಶದವನು. ಬರೆದದ್ದು ಮರಾಠಿಯ ಓವಿ ಛಂದಸ್ಸಿನಲ್ಲಿ. ಆದರೆ ಆ ಭಾಷೆ ತನಗೆ ಸರಿಯಾಗಿ ಬಾರದು ಎಂದು ಆತನೇ ಒಪ್ಪಿಕೊಳ್ಳುತ್ತಾನೆ, 41ನೆಯ ಅಧ್ಯಾಯದಲ್ಲಿ ಕನ್ನಡದ ಸ್ತುತಿಪದಗಳನ್ನು ಹಾಗೇ ಇಟ್ಟಿದ್ದಾನೆ. ಕೃತಿಯ ಉತ್ತರಾರ್ಧದ ಹೆಚ್ಚಿನ ಘಟನೆಗಳು ನಡೆಯುವುದು ಅಫಜಲಪುರ ತಾಲೂಕಿನ ದೇವಲ ಗಾಣಗಾಪುರದಲ್ಲಿ, ಆಳಂದದ ಕಡೆಯಿಂದ ಬರುವ ಅಮರ್ಜಾ ಭೀಮೆಯನ್ನು ಕೂಡುವ ಸಂಗಮದ ಆಸುಪಾಸಿನಲ್ಲಿ. ಗ್ರಂಥ ಮರಾಠಿಯದಾದರೂ ಮಣ್ಣು ನಮ್ಮದೇ. ಅದರ ಲೆಕ್ಕ ಕೇಳುವ ಹಕ್ಕೂ ನಮಗಿದೆ.

ಮೊದಲನೆಯ ಬೋಧೆ ಸಾಹುಕಾರನ ಖಾತೆಪುಸ್ತಕದ ಹಾಗಿದೆ. 28ನೆಯ ಅಧ್ಯಾಯದ ಕರ್ಮವಿಪಾಕವನ್ನು ನೋಡಬೇಕು. ಯಾವ ಪಾಪಕ್ಕೆ ಯಾವ ಹೀನಜನ್ಮ, ಯಾವ ಕಳವಿಗೆ ಯಾವ ರೋಗ, ಯಾವುದಕ್ಕೆ ಯಾವ ಪ್ರಾಯಶ್ಚಿತ್ತ ಎಂದು ಅಲ್ಲಿ ಪಟ್ಟಿಯೇ ಇದೆ. ಹಸು ದಾನ ಕೊಡಲಾಗದವನು ಅದರ ಬದಲಿಗೆ ಹೊನ್ನು ಕೊಡಬಹುದು. ದೋಷಕ್ಕೊಂದು ದರ, ದರದಲ್ಲಿ ಶಕ್ತ್ಯನುಸಾರ ರಿಯಾಯಿತಿ. ಇಂಥ ಪಟ್ಟಿ ನಮ್ಮಲ್ಲಿ ಮಾತ್ರ ಇತ್ತೆಂದೇನೂ ಅಲ್ಲ. ಯುರೋಪಿನಲ್ಲಿ ಪಾಪಕ್ಷಮೆಯ ಪತ್ರಗಳು ಹಣಕ್ಕೆ ಸಿಗುತ್ತಿದ್ದವು, ಮಾರ್ಟಿನ್ ಲೂಥರ್ 1517ರಲ್ಲಿ ಎದ್ದು ನಿಂತದ್ದು ಅದರ ವಿರುದ್ಧವೇ. ಆದರೆ ಪಟ್ಟಿಯ ನಿಜವಾದ ಕೇಡು ಹಣದಲ್ಲಿಲ್ಲ. ರೋಗ ಬಂದವನನ್ನೇ ಅದು ಆರೋಪಿಯಾಗಿ ಮಾಡುತ್ತದೆ. ತೊನ್ನು ಹತ್ತಿದವನು, ಮಕ್ಕಳಾಗದವಳು, ಬುದ್ಧಿ ಕದಡಿದ ಮಗನನ್ನು ಹಿಡಿದುಕೊಂಡು ಗಾಣಗಾಪುರಕ್ಕೆ ಬರುವ ತಂದೆತಾಯಿ ಮೊದಲೇ ನೊಂದಿರುತ್ತಾರೆ. ಇದು ನೀವು ಮಾಡಿದ್ದರ ಫಲ ಎಂಬ ಇನ್ನೊಂದು ಹೊರೆಯನ್ನು ಪಟ್ಟಿ ಅವರ ತಲೆಗೆ ಏರಿಸುತ್ತದೆ. ಯೋಹಾನನ ಸುವಾರ್ತೆಯಲ್ಲಿ ಹುಟ್ಟುಕುರುಡನನ್ನು ಕಂಡ ಶಿಷ್ಯರು ಪಾಪ ಮಾಡಿದವನು ಇವನೋ ಇವನ ಹೆತ್ತವರೋ ಎಂದು ಕೇಳುತ್ತಾರೆ, ಏಸು ಎರಡನ್ನೂ ಒಪ್ಪುವುದಿಲ್ಲ.

ಎರಡನೆಯ ಬೋಧೆ ಕಥೆಗಳಲ್ಲಿದೆ, ಸರಸ್ವತಿ ಗಂಗಾಧರ ದೊಡ್ಡವನೆನಿಸುವುದು ಅಲ್ಲಿ. ಕುಷ್ಠದ ನರಹರಿಗೆ ಗುರು ಒಂದು ಒಣಗಿದ ಅತ್ತಿಯ ಕೊರಡು ಕೊಟ್ಟು, ಸಂಗಮದಲ್ಲಿ ನೆಟ್ಟು ನೀರುಣಿಸು ಎನ್ನುತ್ತಾನೆ. ಊರು ನಗುತ್ತದೆ, ಅವನು ನೀರು ಹೊಯ್ಯುವುದನ್ನು ಬಿಡುವುದಿಲ್ಲ, ಕೊರಡು ಚಿಗುರುತ್ತದೆ. ಎಷ್ಟು ಕೊಡ ನೀರಿಗೆ ಎಷ್ಟು ಪಾಪ ಕಳೆಯಿತು ಎಂದು ಯಾರೂ ಎಣಿಸುವುದಿಲ್ಲ. ಇದಕ್ಕಿಂತ ನಮ್ಮ ಸೀಮೆಗೆ ಹತ್ತಿರವಾದದ್ದು ಪರ್ವತೇಶ್ವರನೆಂಬ ಒಕ್ಕಲಿಗನ ಕಥೆ. ಜೋಳ ಇನ್ನೂ ಬಲಿತಿಲ್ಲ, ಗುರು ಕೊಯ್ಯೆಂದ, ಅವನು ಕೊಯ್ದ. ಹೆಂಡತಿ ಮಕ್ಕಳು ಬಾಯಿಬಾಯಿ ಬಡಿದುಕೊಂಡರು, ಹೊಲದ ಒಡೆಯನಿಗೆ ಕೊಡಬೇಕಾದ ಪಾಲು ಎದುರಿಗಿತ್ತು. ಆಮೇಲೆ ಕೆಟ್ಟ ಗಾಳಿಮಳೆಗೆ ಸುತ್ತಲಿನ ಬೆಳೆಯೆಲ್ಲ ಹೋಯಿತು, ಇವನ ಹೊಲದಲ್ಲಿ ಮಾತ್ರ ಕೂಳೆ ಒಡೆದು ತೆನೆ ಹಾಕಿತು. ಹಿಂಗಾರಿ ಜೋಳ ಬೆಳೆದವರಿಗೆ ಹಸಿ ಪೈರಿಗೆ ಕುಡಗೋಲು ಹಾಕುವುದೆಂದರೆ ಏನೆಂದು ಬಿಡಿಸಿ ಹೇಳಬೇಕಿಲ್ಲ. ಅವನು ವೇದ ಓದಿದವನಲ್ಲ, ಪ್ರಾಯಶ್ಚಿತ್ತ ಮಾಡಿಕೊಂಡವನಲ್ಲ, ನಂಬಿದ, ಅಷ್ಟೆ. ಪೌಲನ ಪತ್ರಗಳು ಕೃಪೆ ಎಂದು ಯಾವುದನ್ನು ಕರೆಯುತ್ತವೋ ಅದು ಭೀಮಾತೀರದ ಎರೆಹೊಲದಲ್ಲಿ ಈ ರೂಪದಲ್ಲಿ ಕಾಣಿಸಿದೆ. ಕನ್ನಡ ಬೈಬಲ್ಲಿಗೂ ಈ ಪಾಪ, ಕೃಪೆ ಎಂಬ ಮಾತುಗಳೇ ಒದಗಿಬಂದದ್ದು ಸುಮ್ಮನೆ ಅಲ್ಲ.

ಹಾಗಾದರೆ ಖಾತೆಪುಸ್ತಕ ಗೆಲ್ಲುತ್ತದೋ ಕೂಳೆಯ ಚಿಗುರೋ? ಇದು ತೀರ್ಮಾನವಾಗುವುದು 27 ಮತ್ತು 28ನೆಯ ಅಧ್ಯಾಯಗಳಲ್ಲಿ. ವೇದದ ಸೊಕ್ಕಿನಿಂದ ಜಯಪತ್ರ ಬೇಡಿಬಂದ ಇಬ್ಬರು ಬ್ರಾಹ್ಮಣರ ಎದುರು ಗುರು ದಾರಿಯಲ್ಲಿ ಹೋಗುತ್ತಿದ್ದ ಒಬ್ಬ ಪತಿತನನ್ನು ಕರೆಸುತ್ತಾನೆ, ನೆಲದ ಮೇಲೆ ಏಳು ಗೆರೆ ಎಳೆಸಿ ದಾಟು ಎನ್ನುತ್ತಾನೆ. ಒಂದೊಂದು ಗೆರೆ ದಾಟಿದಾಗಲೂ ಹಿಂದಿನ ಒಂದು ಜನ್ಮ ನೆನಪಾಗಿ, ಏಳನೆಯದರಲ್ಲಿ ಅವನು ವೇದ ಬಲ್ಲ ಬ್ರಾಹ್ಮಣ. ಮೈಗೆ ವಿಭೂತಿ ಬಳಿದ ಮೇಲೆ ಅವನು ವಾದಕ್ಕೆ ನಿಲ್ಲುತ್ತಾನೆ, ಪಂಡಿತರ ಸೊಲ್ಲಡಗುತ್ತದೆ. ಜಾತಿಯ ಸೊಕ್ಕು ಮುರಿದ ಪ್ರಸಂಗವೆಂದು ಇದನ್ನು ಭಾಷಣಗಳಲ್ಲಿ ಹೊಗಳುವುದುಂಟು. ನಿಧಾನವಾಗಿ ಓದಿದರೆ ಮುರಿದದ್ದು ಇಬ್ಬರು ವ್ಯಕ್ತಿಗಳ ಸೊಕ್ಕು ಮಾತ್ರ ಎಂದು ತಿಳಿಯುತ್ತದೆ. ಪತಿತನಾಗಿ ಅವನು ವೇದ ನುಡಿಯಲಿಲ್ಲ, ಹಿಂದೊಮ್ಮೆ ಬ್ರಾಹ್ಮಣನಾಗಿದ್ದರಿಂದ ನುಡಿದ. ಮುಂದಿನದು ಇನ್ನೂ ಕಠಿಣ. ತನ್ನನ್ನು ಬ್ರಾಹ್ಮಣರಲ್ಲಿ ಸೇರಿಸೆಂದು ಅವನು ಬೇಡಿದಾಗ, ಈ ದೇಹ ಪತಿತರ ಜಾತಿಯಲ್ಲಿ ಹುಟ್ಟಿದ್ದು, ಅದಾಗದು ಎಂಬ ಉತ್ತರ ಬರುತ್ತದೆ. ಪಾಪದ ಪಟ್ಟಿ ಇರುವುದೂ ಇದೇ ಅಧ್ಯಾಯದಲ್ಲಿ. ಹೆಂಡತಿ ಮಕ್ಕಳು ಹುಡುಕಿಕೊಂಡು ಬಂದಾಗ ಅವನ ಮೈಮೇಲಿನ ವಿಭೂತಿಯನ್ನು ನೀರಿನಿಂದ ತೊಳೆಸಲಾಗುತ್ತದೆ. ವಿದ್ಯೆ, ನೆನಪು ಎಲ್ಲ ಹೋಗುತ್ತದೆ.

ಹಾಗೆ ತೊಳೆಸಿದ್ದು ಕರುಣೆಯೇ, ಹೆಂಡತಿ ಮಕ್ಕಳ ಮೇಲಿನ ಕರುಣೆ ಎಂದು ಭಕ್ತರು ಹೇಳುತ್ತಾರೆ: ಜ್ಞಾನ ಉಳಿದಿದ್ದರೆ ಅವನು ಮನೆಗೆ ಮರಳುತ್ತಿರಲಿಲ್ಲ. ಈ ಮಾತು ನಿಲ್ಲುವುದಿಲ್ಲ, ಏಕೆಂದರೆ ಇದೇ ಗ್ರಂಥದಲ್ಲಿ ಸಾಯಂದೇವ ಸಂಸಾರಸ್ಥನಾಗಿದ್ದುಕೊಂಡೇ ಗುರುಕೃಪೆಯನ್ನು ಉಳಿಸಿಕೊಂಡ. 50ನೆಯ ಅಧ್ಯಾಯದ ಬೀದರಿನ ಅರಸನಿಗೂ ಹಿಂದಿನ ಜನ್ಮ ನೆನಪಾಗುತ್ತದೆ, ತಾನು ಅಗಸನಾಗಿದ್ದೆನೆಂದು ತಿಳಿಯುತ್ತದೆ. ಅವನ ನೆನಪನ್ನು ಯಾರೂ ತೊಳೆಯುವುದಿಲ್ಲ. ಎಲ್ಲಕ್ಕಿಂತ ದೊಡ್ಡ ಸಾಕ್ಷಿ ಮಗ್ಗುಲಲ್ಲೇ ಇದೆ. 29ನೆಯ ಅಧ್ಯಾಯದ ಭಸ್ಮಮಹಿಮೆಯಲ್ಲಿ, ಅರಸನಾಗಿದ್ದಾಗ ಎಷ್ಟೋ ಹೆಣ್ಣುಗಳನ್ನು ಬಲಾತ್ಕಾರದಿಂದ ಕೆಡಿಸಿದವನು ಬ್ರಹ್ಮರಾಕ್ಷಸನಾಗಿ ವಾಮದೇವ ಮುನಿಯನ್ನು ತಿನ್ನಲು ಬರುತ್ತಾನೆ, ಮುನಿಯ ಮೈಯ ಬೂದಿ ತಗಲಿದ್ದಕ್ಕೇ ಉದ್ಧಾರವಾಗುತ್ತಾನೆ. ತಿನ್ನಲು ಬಂದ ರಾಕ್ಷಸನಿಗೆ ಬೂದಿ ಗಟ್ಟಿ, ಕರೆದದ್ದಕ್ಕೆ ಬಂದ ಪತಿತನಿಗೆ ಮಾತ್ರ ಒಂದು ಕೊಡ ನೀರಿಗೆ ಹೋಗುವ ಬೂದಿ!

ಕಾಲದ ಮಿತಿ ಎಂಬ ಸಮರ್ಥನೆ ಇನ್ನೊಂದು. ಆ ಕಾಲಕ್ಕೆ ಅಷ್ಟೇ ಸಾಧ್ಯವಿತ್ತು ಎನ್ನಬೇಕಾದರೆ ಅದಕ್ಕೂ ಹಿಂದಿನ 12ನೇ ಶತಮಾನದ ಕಲ್ಯಾಣವನ್ನು ಮರೆಯಬೇಕು. ಗಾಣಗಾಪುರಕ್ಕೆ ಕಲ್ಯಾಣ ದೂರದ ಊರೇನಲ್ಲ. ಅಲ್ಲಿ ಸಮಗಾರ ಹರಳಯ್ಯನ ಮೈಯ ಇಷ್ಟಲಿಂಗವನ್ನು ಬಿಚ್ಚಿಸಿ ಮನೆಗೆ ಕಳಿಸಿದ ಶರಣರಿಲ್ಲ. ಆಮೇಲೂ, 19ನೇ ಶತಮಾನದಲ್ಲಿ, ಜೇವರ್ಗಿ ಸೀಮೆಯ ಕಡಕೋಳ ಮಡಿವಾಳಪ್ಪನ ಶಿಷ್ಯ ಚನ್ನೂರ ಜಲಾಲಸಾಹೇಬ ತಾನೇ ತತ್ವಪದ ಕಟ್ಟಿ ಹಾಡುವಷ್ಟು ಬೆಳೆದ, ಅವನ ಪದಗಳನ್ನು ಭಜನೆಯಲ್ಲಿ ಇಂದಿಗೂ ಹಾಡುತ್ತಾರೆ. ಇದೇ ನೆಲದಲ್ಲಿ ಹಿಂದೆಯೂ ಮುಂದೆಯೂ ಸಾಧ್ಯವಾದದ್ದು ನಡುವೆ ಸಾಧ್ಯವಾಗಲಿಲ್ಲವೆಂದರೆ ಅದು ಕಾಲದ ಮಿತಿಯಲ್ಲ, ಗ್ರಂಥಕಾರ ಮಾಡಿಕೊಂಡ ಆಯ್ಕೆ.

ಪಾಪದ ಭಯವನ್ನೇ ತೆಗೆದರೆ ಕೃಪೆ ಅಗ್ಗವಾಗುವುದಿಲ್ಲವೇ ಎಂಬ ಆಕ್ಷೇಪ ಮಾತ್ರ ತೂಕದ್ದು. ಸಾಲಮನ್ನಾ ಆಗುತ್ತದೆಂದು ಗೊತ್ತಾದರೆ ಸಾಲ ಕಟ್ಟುವವರಾರು? ಬಾನ್‌ಹಾಫರ್ ಎಂಬ ಜರ್ಮನ್ ಪಾದ್ರಿ 1937ರಲ್ಲಿ ಈ ಅಗ್ಗದ ಕೃಪೆಯ ಮೇಲೆಯೇ ಹರಿಹಾಯ್ದಿದ್ದ, ಹಿಟ್ಲರನನ್ನು ಎದುರಿಸಿ 1945ರಲ್ಲಿ ಗಲ್ಲಿಗೇರಿದ. ಆದರೆ ಅವನು ಕೇಳಿದ್ದು ಪಟ್ಟಿಯನ್ನಲ್ಲ. ಕೃಪೆ ಪಡೆದವನ ಬದುಕು ಬದಲಾಗಬೇಕು ಎಂದ. ಅದಕ್ಕೆ ಗುರುಚರಿತ್ರೆಯಲ್ಲೇ ಮಾದರಿಗಳಿವೆ. ಕೊರಡಿಗೆ ನೀರು ಹೊತ್ತವನಿಗೂ ಹಸಿ ಜೋಳ ಕೊಯ್ದವನಿಗೂ ಕೃಪೆ ಅಗ್ಗವಾಗಿ ಸಿಗಲಿಲ್ಲ. ಅವರು ತೆತ್ತದ್ದು ಹಳೆಯ ಪಾಪದ ಬಡ್ಡಿಯಲ್ಲ, ಮುಂದಿನದರ ಮೇಲಿನ ಭರವಸೆ. ಹೀಗಾಗಿ 28ನೆಯ ಅಧ್ಯಾಯವನ್ನು ತಪ್ಪೆಂದು ತೋರಿಸಲು ಹೊರಗಿನ ಶಾಸ್ತ್ರ ಬೇಕಿಲ್ಲ, ಕೊರಡಿನ ಕಥೆಯ 40ನೆಯದೂ ಜೋಳದ ಕಥೆಯ 47ನೆಯದೂ ಸಾಕು.

ಸಪ್ತಾಹಕ್ಕೆ ಕೂರುವವರು 28ನೆಯ ಅಧ್ಯಾಯ ಬಂದಾಗ ಓದಿನ ವೇಗ ತಗ್ಗಿಸಲಿ. ಗೆದ್ದ ವಾದದ ಜಯಘೋಷ ಮುಗಿದ ಮೇಲೆ ಒಬ್ಬ ಮನುಷ್ಯ ಒದ್ದೆ ಮೈಯಲ್ಲಿ, ತಾನು ಇಲ್ಲಿಗೆ ಯಾಕೆ ಬಂದೆನೆಂದೂ ತಿಳಿಯದೆ, ಹೆಂಡತಿ ಮಕ್ಕಳ ಹಿಂದೆ ಕೇರಿಯ ಕಡೆ ನಡೆದುಹೋಗುತ್ತಾನೆ. ಕಥೆ ಮುಗಿದರೂ ಪುಸ್ತಕಕ್ಕೆ ಅವನು ಪತಿತನೇ.